ತೊಟ್ಟಿಲಿಗೆ ಮಣ್ಣು ಕೊಟ್ಟ ಮೌನಪ್ಪ

ನಗು ಬಂದರೆ ನಕ್ಕುಬಿಡಿ, ಕಾಳವ್ವನ ಎದುರು ಮಾತ್ರ ನಗಬೇಡಿ. ಬಡಿಗೇರ ಓಣಿಯ ಈ ಕಾಳವ್ವನಿಗೆ ಒಬ್ಬನೇ ಮಗ, ಮೌನಪ್ಪ. ಹೆಸರಿಗೆ ಮೌನ, ಬಾಯಿಗೆ ಬೀಗವಿಲ್ಲ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುತ್ತಿದ್ದ, ಅದೇ ಫಜೀತಿ!

ಗಂಡ ಹೋದ ಮೇಲೆ ಕಾಳವ್ವ ತಾನೇ ಉಳಿ ಹಿಡಿದು ಬೇವಿನ ಮರದ ತೊಟ್ಟಿಲು ಮಾಡುತ್ತಿದ್ದಳು. ಪ್ಲಾಸ್ಟಿಕ್ ತೊಟ್ಟಿಲು ಬಂತು, ಮರದ್ದನ್ನು ಕೇಳುವವರಿಲ್ಲ. ಕಡೆಗೆ ಶಹರದ ಅಂಗಡಿಯೊಂದು, ನೆಲ, ನೀರು, ಗಾಳಿ ಕೆಡಿಸದ ತೊಟ್ಟಿಲಾದರೆ ಕೊಳ್ಳುತ್ತೇವೆ ಎಂದಿತು. ಅದನ್ನು ಪರೀಕ್ಷಿಸಲು ಓದಿದ ಹೆಂಗಸೊಬ್ಬರು ಬಂದರು. ಓಣಿಯವರು ಅವರನ್ನು ಅಕ್ಕೋರು ಎಂದರು. ಅಕ್ಕೋರು ಒಪ್ಪಿದರೆ ಕಾಳವ್ವನ ಕಸುಬು ಉಳಿಯಿತು, ಇಲ್ಲವಾದರೆ ಉಳಿ ಮೂಲೆಗೆ.

"ತೊಟ್ಟಿಲದ ಹುಟ್ಟಿನಿಂದ ಸಾವಿನ ತನಕ ಎಲ್ಲಾ ನೋಡಬೇಕ್ರೀ ಕಾಳವ್ವಾರ. ಮೊದಲ ಮರದ ಹುಟ್ಟು ತೋರಸ್ರಿ."

ಮೌನಪ್ಪ ಅಡುಗೆಮನೆಗೆ ಓಡಿದ. ಸಾರು ತಿರುವುವ ಮರದ ಹುಟ್ಟು ತಂದು ಅಕ್ಕೋರ ಮೂಗಿಗೆ ಹಿಡಿದ. ಸೀರೆ ಮೇಲೆಲ್ಲ ಸಾರು!

"ಅಯ್ಯ ಮೂಳ! ಮರ ಎಲ್ಲಿ ಬೆಳೀತು ಅಂತ ಕೇಳ್ಯಾರ! ಏನ ಕೇಳಿದ್ರೂ ಅದರ ಬುಡಕ್ಕ ಹೋಗಬೇಕೋ!"

"ಹೂಂನವ್ವಾ, ಬುಡಕ್ಕ ಹೋಗತೀನಿ!"

"ಮರ ನೆನೆಸಾಕ ನೀರು ಎಲ್ಲಿದು?" ಎಂದರು ಅಕ್ಕೋರು. ದುಡುಮ್! ಮೌನಪ್ಪ ಬಾವಿಯ ಬುಡಕ್ಕೆ ಹೋಗಿಯೇಬಿಟ್ಟ. ಹಗ್ಗ ಹಾಕಿ ಎಳೆಯುವಾಗ ಕಾಳವ್ವನ ಜೀವ ಬಾಯಿಗೆ ಬಂದಿತ್ತು. ಹೆತ್ತ ಕರುಳು, ಅಪ್ಪಿಕೊಂಡಳು. ಅಪ್ಪಿಕೊಂಡೇ ಬೈದಳು.

"ನೀ ಯಾಕ ಬಿದ್ದ್ಯೋ! ಬೇಕಾದ್ದನ್ನ ಗಡಿಗಿಯೊಳಗ ತುಂಬಿ, ಬಾಯಿ ಕಟ್ಟಿ ತರಬೇಕೋ!"

"ಹೂಂನವ್ವಾ, ಬಾಯಿ ಕಟ್ಟಿ ತರತೀನಿ!"

ಮರುದಿನ ಅಕ್ಕೋರು ಕೇಳಿದ್ದು ಅಂಟು ಕಾಯಿಸುವ ಒಲೆಯ ಹೊಗೆ ಎಷ್ಟು ಅಂತ. ಮೌನಪ್ಪ ಒಲೆಯ ಮೇಲೆ ಗಡಿಗೆ ಬೋರಲು ಹಿಡಿದು ಹೊಗೆ ತುಂಬಿದ. ಆಮೇಲೆ ಟವೆಲ್ ತೆಗೆದು ಬಾಯಿ ಕಟ್ಟಿದ. ಗಡಿಗೆಯದಲ್ಲ, ತನ್ನದು! ಹೊಗೆ ಆಕಾಶಕ್ಕೆ ಹೋಯಿತು. ಅಕ್ಕೋರು ಏನು ಕೇಳಿದರೂ "ಊಂ, ಊಂ."

"ಬಾಯಿ ಬಿಚ್ಚೋ ಬೆಪ್ಪ! ಅಕ್ಕೋರು ಹೊಳ್ಳಿ ಹೋದ್ರ ನಾವು ಮಣ್ಣು ತಿನ್ನಬೇಕು! ಇನ್ನ ಅವರು ಕೇಳೂ ತನಕ ಕಾಯಬ್ಯಾಡ. ಅವರಿಗೆ ಏನು ಬೇಕೋ ಅದನ್ನ ಮೊದಲ ಮಾಡಿ ಇಟ್ಟಿರು!"

"ಹೂಂನವ್ವಾ, ಮೊದಲ ಮಾಡಿ ಇಡತೀನಿ!"

ಸಂಜೆ ಅಕ್ಕೋರು ಚಹಾ ಕುಡಿಯುತ್ತ ಕೇಳಿದರು. "ತೊಟ್ಟಿಲಾ ಹಳೇದಾದ ಮ್ಯಾಲೆ ಏನಾಗತೈತಿ? ಕಡೀಗೆ ಮಣ್ಣಾಗತೈತೇನು?"

"ಆಗತೈತ್ರೀ! ಬಣ್ಣಿಲ್ಲ, ಮೊಳಿಲ್ಲ, ಬರೇ ಕಟಗಿ, ಗಿಡದ ಅಂಟು."

ಬಾಗಿಲ ಮರೆಯಲ್ಲಿ ನಿಂತು ಮೌನಪ್ಪ ಇದನ್ನು ಕೇಳಿದ.

ಬೆಳಗ್ಗೆ ಅಕ್ಕೋರು ಅಂಗಡಿಗೆ ತೋರಿಸಲು ಹೊಸ ತೊಟ್ಟಿಲು ಒಯ್ಯಬೇಕು. ನೋಡಿದರೆ ತೊಟ್ಟಿಲೇ ಇಲ್ಲ! ಅಷ್ಟರಲ್ಲಿ ಮೌನಪ್ಪ ಬಂದ. ಕೈಯಲ್ಲಿ ಗುದ್ದಲಿ, ಮೈತುಂಬ ಮಣ್ಣು. ಒಳಗೆ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತ.

"ಯವ್ವಾ, ಮೈಮ್ಯಾಲೆ ನೀರು ಹಾಕು. ಸುಡುಗಾಡಿನಾಗ ತೊಟ್ಟಿಲಕ್ಕ ಮಣ್ಣು ಮಾಡಿ ಬಂದೀನಿ. ಚುರುಮುರಿ ತೂರಿದೆ, ಅತ್ತು ಸೈತ ಬಂದೆ! ಮೂರನೇ ದಿನ ಹಾಲು ಬಿಡೂಣು."

"ನನ್ನ ಕಸುಬು ಹೋತೋ!" ಎಂದು ಕಾಳವ್ವ ಬಾಯಿ ಬಡಿದುಕೊಂಡಳು. ಅಕ್ಕೋರು ಹೊಟ್ಟೆ ಹಿಡಿದು ನಕ್ಕರು.

"ಹೆದರಬ್ಯಾಡ್ರೀ ಕಾಳವ್ವಾರ. ನೆಲಕ್ಕ, ನೀರಿಗೆ, ಗಾಳಿಗೆ ಕೇಡಿಲ್ಲ ಅಂತ ಬರದೀನಿ. ಆದ್ರ ಅಂಗಡಿಯವರು ತೊಟ್ಟಿಲಾ ನೋಡದ ಒಪ್ಪಂಗಿಲ್ಲ. ಬಸ್ಸು ಬರೂದರಾಗ ಮಣ್ಣಿನಾಗಿಂದ ಎಬ್ಬಿಸಿ ತರ್ರಿ."

"ಕೇಳಿದ್ಯೇನೋ? ಓಡು! ಎಬ್ಬಿಸಿಕೊಂಡು ಬಾ!"

ಮೌನಪ್ಪ ಓಡಿದ. ಹೋದವನು ಬರಲೇ ಇಲ್ಲ. ಬಸ್ಸಿನ ಹಾರ್ನ್ ಕೇಳಿತು. ಕಾಳವ್ವ ಸೆರಗು ಕಟ್ಟಿ ಸುಡುಗಾಡಿಗೆ ಓಡಿದಳು. ನೋಡುತ್ತಾಳೆ, ಗುದ್ದಲಿ ಅತ್ತ ಬಿದ್ದಿದೆ, ಮಗ ಮಣ್ಣಿನ ಗುಡ್ಡೆಗೆ ಬಾಯಿ ಹಚ್ಚಿ ಕೂಗುತ್ತಿದ್ದಾನೆ.

"ಏಳು ತೊಟ್ಟಿಲವ್ವಾ, ಬಸ್ಸು ಬಂತು! ಏಳ!"

ಅವ್ವನನ್ನು ಕಂಡು ಅವನ ಮುಖ ಅರಳಿತು.

"ಛಲೋ ಆತು ಬಂದಿ ಯವ್ವಾ! ಕೂಗಿ ಕೂಗಿ ಗಂಟಲು ಹರೀತು, ಏಳವಲ್ದು. ನೀ ಒಮ್ಮೆ ಬೈಯಿ! ನಿನ್ನ ಬೈಗುಳಕ್ಕ ಸತ್ತವರೂ ಎದ್ದು ಓಡತಾರಂತ!"