ಉಲ್ಟಾ ತಿರುಗಿದ ತಿಗರಿ

ಘಟಪ್ರಭೆಯ ದಂಡೆಯಲ್ಲಿ ನೀಲಗಂಗವ್ವ ತಿಗರಿಯ ಮೇಲೆ ಮಣ್ಣಿನ ಜಾಡಿ ಮಾಡುತ್ತಿದ್ದಳು. ಎಂಥಾ ಕೈ ಅಂತೀರಿ! ಪಟ್ಟಣದ ಕಲಾ ಗ್ಯಾಲರಿಯಲ್ಲಿ ಈ ಕಾಲದ ಕುಶಲಕರ್ಮಿಗಳ ಮಣ್ಣಿನ ಕೆಲಸಕ್ಕೆಂದೇ ಒಂದು ಕೋಣೆ ಇತ್ತು. ಅಲ್ಲಿ ನಟ್ಟನಡುವೆ ಅವಳ ಜಾಡಿ.

ಆ ಕೋಣೆಯಲ್ಲಿ ತನ್ನದೂ ಒಂದು ಇರಬೇಕು. ಶಿಷ್ಯ ದುಂಡಪ್ಪನಿಗೆ ಇದ್ದದ್ದು ಅದೊಂದೇ ಆಸೆ.

ಒಂದು ದಿನ ಗ್ಯಾಲರಿಯ ಮೇಲ್ವಿಚಾರಕಿ ಪ್ರಮೀಳಾಬಾಯಿ ಬಂದರು. ಭಟ್ಟಿಯಿಂದ ಆಗಷ್ಟೇ ತೆಗೆದ ಜಾಡಿಯೊಂದನ್ನು ಎತ್ತಿಕೊಂಡರು.

"ಅವ್ವಾರ, ನಿಮ್ಮ ಈ ಜಾಡೀನೂ ನಮಗ ಕೊಡ್ರಿ."

"ಅದು ನನ್ನದ್ರೀ!" ದುಂಡಪ್ಪ ಕುಣಿದುಬಿಟ್ಟ.

ಪ್ರಮೀಳಾಬಾಯಿ ಇನ್ನೊಮ್ಮೆ ತಿರುಗಿಸಿ ನೋಡಿದರು. "ಹಂಗಾದ್ರ ಬ್ಯಾಡಪ್ಪಾ. ಇಂಥಾದು ನಮ್ಮಲ್ಲಿ ಆಗಲೇ ಐತಿ." ಇಟ್ಟು ಹೊರಟೇಹೋದರು.

ಪಾಪ, ದುಂಡಪ್ಪನಿಗೆ ಕೂಳು ಸೇರಲಿಲ್ಲ.

"ಅವ್ವಾರ, ಥೇಟ್ ನಿಮ್ಮಂಗ ಮಾಡೀನಿ. ಕೂದಲೆಳಿಯಷ್ಟು ಫರಕ್ ಇಲ್ಲ. ಮತ್ತ ಯಾಕ ಬ್ಯಾಡ ಅಂದ್ರು?"

ನೀಲಗಂಗವ್ವ ಅವನ ಜಾಡಿಯನ್ನು ಕೈಗೆತ್ತಿಕೊಂಡಳು.

ಅಷ್ಟರಲ್ಲಿ ಒಣಗಲು ಇಟ್ಟ ಬೋಗುಣಿಗಳ ನಡುವೆ ಆಡೊಂದು ನುಗ್ಗಿತು. ದುಂಡಪ್ಪ ಥಟ್ಟನೆ ಒಂದು ಹೆಂಟೆ ಎತ್ತಿ ಬೀಸಿದ. ಗುರಿ ತಪ್ಪಲಿಲ್ಲ.

"ಯಾವ ಕೈಲೆ ಒಗದಿ?"

ಅವನು ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟ. "ಎಡಗೈಲೆ. ತಪ್ಪಾತ್ರೀ. ಸಣ್ಣವ ಇದ್ದಾಗ ಇದಕ್ಕ ಭಾಳ ಹೊಡತಾ ತಿಂದೀನಿ. ತಿಗರಿ ಮುಂದ ಕುಂತಾಗ ಮಾತ್ರ ನಿಮ್ಮಂಗ ಬಲಗೈನರೀ."

"ಹುಚ್ಚಪ್ಯಾಟಿ! ಇಷ್ಟು ವರ್ಷ ನನ್ನ ಕೈ ಎರವಲು ತಗೊಂಡು ಕುಂತಿಯಲ್ಲೋ!"

ಅವಳು ಎದ್ದು ಹೋಗಿ ಕರೆಂಟಿನ ತಿಗರಿಯ ಗುಂಡಿ ಒತ್ತಿದಳು. ತಿಗರಿ ಉಲ್ಟಾ ತಿರುಗಿತು.

"ಕುಂಡ್ರು. ಇನ್ನ ಮ್ಯಾಲ ಎಡಗೈಲೆ ಮಾಡು."

"ಜಾಡಿ ನಿಲ್ಲಂಗಿಲ್ರೀ, ಬೀಳ್ತಾವ."

"ಬೀಳಲಿ. ಮಣ್ಣು ಎಲ್ಲಿಗೆ ಓಡಿಹೋಗತೈತಿ?"

ಬಿದ್ದವು. ಸೊಟ್ಟಗಾದವು, ಬಾಯಿ ಬಿಟ್ಟವು. "ಗುರುವಿನ ಹೆಸರು ಕೆಡಸಾಕ ಹುಟ್ಯಾನ" ಎಂದು ಬಂದವರೆಲ್ಲ ನಕ್ಕರು. ದುಂಡಪ್ಪ ಅತ್ತ. ನೀಲಗಂಗವ್ವ ಮತ್ತೆ ಮಣ್ಣು ತುಳಿದು, ನಾದಿ, ಅವನ ಮುಂದಿಟ್ಟಳು.

ಮಳೆಗಾಲ ಕಳೆದ ಮೇಲೆ ಭಟ್ಟಿಯಿಂದ ಒಂದು ಜಾಡಿ ಹೊರಬಂತು. ತುಂಬಿದ ಹೊಟ್ಟೆ, ತುಸು ಮುಂದೆ ಚಾಚಿದ ಕತ್ತು. ಒಳಗೆ ಬೆರಳಿನ ಗೆರೆಗಳು ಸುತ್ತಿ ಸುತ್ತಿ ಮೇಲೇರಿದ್ದವು, ಗುರುವಿನ ಗೆರೆಗಳಿಗೆ ಎದುರು ದಿಕ್ಕಿನಲ್ಲಿ.

ನೀಲಗಂಗವ್ವ ಒಳಗೆ ಕೈ ಹಾಕಿ ಆ ಗೆರೆ ಹಿಡಿದು ತಳದಿಂದ ಬಾಯಿಯವರೆಗೂ ಬಂದಳು. ಕಣ್ಣು ತುಂಬಿದವು. ಮರುದಿನ ತಾನೇ ಅದನ್ನು ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದಳು. ಯಾರು ಕೇಳಿದರೂ ಕೊಡಲಿಲ್ಲ, ದುಂಡಪ್ಪನಿಗೂ!

ಪ್ರಮೀಳಾಬಾಯಿ ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನೀಲಗಂಗವ್ವನ ಜಾಡಿಯನ್ನು ಸ್ವಲ್ಪ ಸರಿಸಿ ಪಕ್ಕದಲ್ಲಿ ಜಾಗ ಮಾಡಿದರು.

"ಇದರ ಮುಂದ ಏನಂತ ಬರೀಲಿ? ದುಂಡಪ್ಪ, ನೀಲಗಂಗವ್ವನವರ ಶಿಷ್ಯ ಅಂತ?"

"ಹಂಗ ಬರೀರಿ" ಎಂದ ದುಂಡಪ್ಪ ಕೈಮುಗಿದು. "ನನಗ ಅದಕ್ಕಿಂತ ದೊಡ್ಡ ಹೆಸರಿಲ್ಲ."

ನೀಲಗಂಗವ್ವ ಕೈ ಅಡ್ಡ ಹಿಡಿದಳು.

"ಅವನ ಜಾಡಿ ಮುಂದ ಅವನ ಹೆಸರಷ್ಟ ಇರಲಿ. ಬರೀಬೇಕಂದ್ರ ನನ್ನ ಜಾಡಿ ಮುಂದ ಬರೀರಿ: ನೀಲಗಂಗವ್ವ, ದುಂಡಪ್ಪನ ಗುರು."