ಫಕೀರವ್ವ ಕೀಳದ ಮಂಚಿಕೆ

ಯರಗುಂಬಿಯ ಬಸ್ ನಿಲ್ದಾಣದಲ್ಲಿ ಇಳಿದು ‘ಕಲಾ ಮಹಾವಿದ್ಯಾಲಯಕ್ಕೆ ಯಾವ ದಾರಿ’ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ‘ಮಂಚಿಕೆ ಕಾಲೇಜು’ ಎನ್ನಬೇಕು. ಆಗ ಚುರುಮುರಿ ಗಾಡಿಯವನೂ ಕೈಯೆತ್ತಿ ಬಡಗಣ ದಿಕ್ಕು ತೋರಿಸುತ್ತಾನೆ, ಜೊತೆಗೆ “ಯಾಕ್ರಿ, ಅಲ್ಲೇನ ಕೆಲಸಿತ್ತು?” ಎಂದು ಕೇಳದೆ ಬಿಡುವುದಿಲ್ಲ. ಸಂಶಯ ಯರಗುಂಬಿಯ ಗಾಳಿಯಲ್ಲೇ ಇದೆ. ಸುತ್ತಲಿನ ಊರುಗಳವರು ಇದನ್ನು ನಮ್ಮ ಕೊರತೆ ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರ ಊರುಗಳಲ್ಲಿ ಕಾಲೇಜಿಗೆಂದು ಬಿಟ್ಟ ಜಾಗದಲ್ಲಿ ಇಂದು ಅಂಗಡಿ ಸಾಲುಗಳಿವೆ, ಕಲ್ಯಾಣಮಂಟಪಗಳಿವೆ. ನಮ್ಮೂರಿನ ಕಾಲೇಜು ಮಾತ್ರ ಕಾಲೇಜಾಗಿಯೇ ನಿಂತಿದೆ. ಅದರ ಅಂಗಳದ ನಟ್ಟನಡುವೆ, ಬೇವಿನ ಮರಗಳ ನಡುವೆ, ನಾಲ್ಕು ಗೂಟಗಳ ಮೇಲೆ ಒಂದು ಕಾವಲು ಅಟ್ಟಣಿಗೆ ಇದೆ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕಟ್ಟುವಂಥದ್ದೇ. ಅದೇ ಮಂಚಿಕೆ.

ಹಿಂದೆ ಒಮ್ಮೆ, ಈ ಸೀಮೆಯ ಹುಡುಗರು ಹೈಸ್ಕೂಲು ಮುಗಿಸಿದರೆ ಮುಂದೆ ಓದಲು ಧಾರವಾಡಕ್ಕೇ ಹೋಗಬೇಕಿದ್ದ ಕಾಲದಲ್ಲಿ, ಅಂದಾನಯ್ಯ ಮಾಸ್ತರ ಎಂಬ ನಿವೃತ್ತ ಮೇಷ್ಟ್ರು ಇಲ್ಲೇ ಒಂದು ಕಾಲೇಜು ಮಾಡಬೇಕೆಂದು ಹಟ ಹಿಡಿದರು. ಚಾವಡಿಯಲ್ಲಿ ಜನ ಸೇರಿಸಿ ಜಾಗ ಕೇಳಿದರು. ದೊಡ್ಡ ಹಿಡುವಳಿದಾರರೆಲ್ಲ ಕೆಮ್ಮಿದರು, ಸುಣ್ಣದ ಡಬ್ಬಿ ಹುಡುಕಿದರು. ಆಗ ಬಾಗಿಲ ಬಳಿ ನಿಂತಿದ್ದ ಫಕೀರವ್ವ ಎಂಬ ವಿಧವೆ, “ನಂದು ಬಡಗಣ ಹೊಲ ಐತಿ, ತಗೋರಿ” ಎಂದಳು. ಯಾರೋ ಮೀಸೆಯ ಮರೆಯಲ್ಲಿ “ಹೆಂಗಸಿನ ಮಾತು, ಮನಿಗಿ ಹೋದಮ್ಯಾಲೆ ಬದಲಾಗತೈತಿ” ಎಂದನಂತೆ. ಆ ಮಾತು ಕಿವಿಗೆ ಬಿದ್ದದ್ದೇ ಫಕೀರವ್ವ ಪಟ್ಟು ಬಿಗಿ ಮಾಡಿದಳು. ಕೊಟ್ಟೆನೆಂದರೆ ಕೊಟ್ಟೆ; ಆದರೆ ಆ ನೆಲದಲ್ಲಿ ಓದು ಬಿಟ್ಟು ಬೇರೇನಾದರೂ ಬೆಳೆದರೆ ಹೊಲ ತಿರುಗಿ ತನ್ನದು ಎಂದು ಪಂಚರೆದುರು ಆಣೆ ಹಾಕಿಸಿಕೊಂಡಳು. ಅವಳಿಗೆ ಉಳಿದಿದ್ದುದು ಅದೊಂದೇ ಹೊಲ. ಅವಳ ಅಪ್ಪನ ಕಾಲದಲ್ಲಿ ಕೆರೆಯ ಮಗ್ಗುಲ ಹೊಲವನ್ನು ಧರ್ಮಶಾಲೆ ಕಟ್ಟುತ್ತೇವೆಂದು ಬರೆಸಿಕೊಂಡವರು ನಾಲ್ಕು ದಿನದ ಮಟ್ಟಿಗೆಂದು ಅಲ್ಲಿ ಹತ್ತಿ ಮಾರುವ ಅಡತಿ ಅಂಗಡಿ ಇಟ್ಟು ಅಲ್ಲೇ ಉಳಿದಿದ್ದರು. ಸಿಟ್ಟಿನಲ್ಲಿ ಕೊಟ್ಟವಳಿಗೆ ಮನೆ ತಲುಪುವುದರೊಳಗೆ ಇದೂ ಹಾಗೇ ಆದೀತೇ ಎಂಬ ಸಂಶಯ ಹತ್ತಿತು ಎನ್ನುತ್ತಾರೆ.

ಸಂಶಯಕ್ಕೆ ನೀರೆರೆದದ್ದು ಕಟ್ಟಡವೇ. ಆಗ ಯರಗುಂಬಿಯಲ್ಲಿ ಇದ್ದ ಒಬ್ಬನೇ ದೊಡ್ಡ ಗೌಂಡಿ ದಾವಲಸಾಬ. ಕಲ್ಲಿನ ಕೆಲಸದಲ್ಲಿ ಅವನನ್ನು ಮೀರಿಸುವವರು ಇಡೀ ಸೀಮೆಯಲ್ಲಿ ಇರಲಿಲ್ಲ. ಆದರೆ ಅವನು ಹುಟ್ಟಿದಾಗಿನಿಂದ ಕಟ್ಟಿದ್ದೆಲ್ಲ ಹತ್ತಿಯ ಗೋದಾಮು. ಕಾಲೇಜು ಹೇಗಿರುತ್ತದೆಂದು ಅವನಾದರೂ ಎಲ್ಲಿ ನೋಡಿರಬೇಕು? ಮಾಸ್ತರ “ದೊಡ್ಡದು, ಗಟ್ಟಿ, ನೂರು ಕಾಲ ಬಾಳುವಂಥದ್ದು” ಎಂದಷ್ಟೇ ಹೇಳಿದರು; ಅವನು ತನಗೆ ಗೊತ್ತಿದ್ದ ದೊಡ್ಡದು, ಗಟ್ಟಿಯಾದದ್ದನ್ನೇ ಎಬ್ಬಿಸಿದ. ಉದ್ದನೆಯ ಗೋಡೆ, ಆಳೆತ್ತರಕ್ಕಿಂತ ಮೇಲೆ ಸಣ್ಣ ಸಣ್ಣ ಬೆಳಕಿಂಡಿ, ತುಂಬಿದ ಗಾಡಿ ಎತ್ತಿನ ಸಮೇತ ಒಳಗೆ ಹೋಗುವಷ್ಟು ಅಗಲದ ಬಾಗಿಲು. ನೋಡಿದವರು ನೋಡಿದಲ್ಲೇ ನಕ್ಕರು. “ಏನ್ ಫಕೀರವ್ವಕ್ಕ, ನಿನ್ನ ಕಾಲೇಜಿನ್ಯಾಗ ಹುಡುಗ್ರನ್ನ ಹತ್ತಿಯಂಗ ಅಂಡಿಗಿ ಕಟ್ಟಿ ಒಟ್ಟತಾರೇನು?” ಎಂದು ಹಳ್ಳದ ದಾರಿಯಲ್ಲಿ ಹೆಂಗಸರು ಕೆಣಕಿದರು. ಅವಳು ನಗಲಿಲ್ಲ. ಕಾಲೇಜಿನ ಕಮಿಟಿಯ ಯಜಮಾನ ಯಾರೆಂದರೆ ಹತ್ತಿ ವ್ಯಾಪಾರದ ಪರಪ್ಪ ಸಾವಕಾರ. ಮಾಸ್ತರ ದಿನಾ ಸಂಜೆ ಸಾವಕಾರನ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದುದನ್ನು ಅವಳು ಕಂಡಿದ್ದಳು. ಹತ್ತಿ ಬಿಡಿಸುವ ಹಂಗಾಮು ಹತ್ತಿರವಾಗುತ್ತಿದ್ದಂತೆ, ಸರ್ಕಾರದ ಒಪ್ಪಿಗೆಯನ್ನೂ ಪಾಠ ಹೇಳುವವರನ್ನೂ ತರುತ್ತೇನೆಂದು ಮಾಸ್ತರ ಧಾರವಾಡಕ್ಕೆ ಹೋದರು. ಹೋದವರು ಎಷ್ಟು ದಿನವಾದರೂ ಬರಲಿಲ್ಲ. ಹಂಗಾಮಿಗೆ ಸರಿಯಾಗಿ ಊರು ಬಿಟ್ಟದ್ದು ಸುಮ್ಮನೆ ಇರಲಿಕ್ಕಿಲ್ಲ ಎಂದುಕೊಂಡಳು ಫಕೀರವ್ವ.

ಹಾಗೆಂದುಕೊಂಡ ಮರುದಿನವೇ ಅವಳು ಹೊಸ ಕಟ್ಟಡದ ಮುಂದೆ ನಾಲ್ಕು ಗೂಟ ನೆಟ್ಟು ಮಂಚಿಕೆ ಕಟ್ಟಿದಳು. ಕವಣೆ ತಂದಳು, ಮಗ್ಗುಲಲ್ಲಿ ಕಲ್ಲು ಒಟ್ಟಿಕೊಂಡಳು, ಬೆಳಿಗ್ಗೆ ರೊಟ್ಟಿ ಬುತ್ತಿ ಹಿಡಿದು ಏರಿದರೆ ಹೊತ್ತು ಮುಳುಗಿದ ಮೇಲೆಯೇ ಇಳಿಯುತ್ತಿದ್ದಳು. ಸಾವಕಾರ ಇದನ್ನು ನೋಡಿ ಮುದುಕಿಗೆ ತಲೆ ತಿರುಗಿದೆ ಎಂದು ನಕ್ಕ. ಅಲ್ಲೇ ಅವನು ತಪ್ಪಿದ್ದು. ಅವನು ಹತ್ತಿ ತೂಗಿದವನೇ ಹೊರತು ಹೊಲದಲ್ಲಿ ಕಾಲಿಟ್ಟವನಲ್ಲ. ಯರೆ ನೆಲದ ರೈತರಿಗೆ ಒಂದು ಕಟ್ಟು ಇದೆ: ಮಂಚಿಕೆ ನಿಂತಿರುವ ಹೊಲಕ್ಕೆ ಪರರ ಗಾಡಿ ನುಗ್ಗುವಂತಿಲ್ಲ. ಬೆಳೆ ಕೊಯ್ದು ನೆಲ ಬೋಳಾಗಿದ್ದರೂ ಸರಿ. ಕಾಳು ಒಕ್ಕಿ ರಾಶಿ ಮುಗಿದು, ಹೊಲದವರು ತಮ್ಮ ಕೈಯಿಂದ ಗೂಟ ಕಿತ್ತ ಮೇಲೆಯೇ ದಾರಿ. ಅದಕ್ಕೆ ಮೊದಲು ನುಗ್ಗಿದವನ ಎತ್ತಿಗೆ ಊರಿನಲ್ಲಿ ಯಾರೂ ನೀರು ಕುಡಿಸುವುದಿಲ್ಲ.

ಒಂದು ಮಧ್ಯಾಹ್ನ ತೆಂಕಣ ದಾರಿಯಲ್ಲಿ ಧೂಳು ಎದ್ದಿತು. ಫಕೀರವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಗಾಡಿಗಳ ಸಾಲು, ಮೇಲೆ ಬೆಳ್ಳಗೆ ಹತ್ತಿಯ ಅಂಡಿಗೆಗಳು, ಮುಂದೆ ಕುದುರೆಯ ಮೇಲೆ ಸಾವಕಾರ. ‘ಮಾಸ್ತರ ಮಾರಿದ’ ಎಂದು ಅವಳ ಬಾಯಿಂದ ಬಂತು. ಮೊದಲ ಗಾಡಿ ಬದುವಿನ ಹತ್ತಿರ ಬಂದದ್ದೇ ತಡ, ಕವಣೆಯ ಕಲ್ಲು ಸುಂಯ್ಯೆಂದು ಹೋಗಿ ನೊಗಕ್ಕೆ ಠಣ್ಣನೆ ಬಡಿಯಿತು. ಎತ್ತುಗಳು ನಿಂತವು.

“ಏ ಫಕೀರವ್ವ, ಹುಚ್ಚು ಹಿಡದೈತೇನು? ನಾಕ ದಿನದ ಮಾತು. ಖಾಲಿ ಬಿದ್ದ ಜಾಗಾ, ಈ ಹಂಗಾಮ ಮುಗದ ಮ್ಯಾಲೆ ತೆಗೀತೀನಿ!” ಎಂದ ಸಾವಕಾರ.

“ನಮ್ಮಪ್ಪಗೂ ನಾಕ ದಿನ ಅಂತ ಹೇಳಿದ್ರು. ಆ ನಾಕ ದಿನ ಇನ್ನೂ ಮುಗದಿಲ್ಲ” ಎಂದಳು ಅವಳು.

ಸಾವಕಾರ ಗಾಡಿಯವರ ಕಡೆ ತಿರುಗಿ “ಹೊಡೀರ್ಲೇ!” ಎಂದು ಗದರಿಸಿದ. ಮುಂದಿನ ಗಾಡಿಯ ಹೊಳಿಯಪ್ಪ ಬಾರಕೋಲು ಎತ್ತಲಿಲ್ಲ. ಕಟ್ಟಡ ನೋಡಿದ, ಬೋಳು ನೆಲ ನೋಡಿದ, ಆಮೇಲೆ ಮೇಲೆ ನೋಡಿದ. “ಮಂಚಿಕಿ ಐತಲ್ರಿ, ಸಾವಕಾರ್ರ” ಎಂದ. “ಬೆಳಿ ಎಲ್ಲೈತೋ, ಕುರುಡಾ?” ಎಂದರೆ, “ಅದನ್ನ ಹೊಲದಾಕಿ ಹೇಳಬೇಕ್ರಿ, ನಾವಲ್ಲ” ಎಂದು ಎತ್ತುಗಳನ್ನು ನೊಗದಿಂದ ಬಿಡಿಸಿದ. ಅವನ ಹಿಂದೆ ಸಾಲಿಗೆ ಸಾಲೇ ಎತ್ತು ಬಿಚ್ಚಿತು. ಬದುವಿನ ಹೊರಗೆ ಗಾಡಿಗಳ ನೆರಳಿನಲ್ಲಿ ಗಾಡಿಯವರು ಬುತ್ತಿ ಬಿಚ್ಚಿದರು. ಸಾವಕಾರ ಬೈದ, ಬೇಡಿಕೊಂಡ, ಕೊನೆಗೆ ಕುದುರೆ ತಿರುಗಿಸಿದ.

ಅಷ್ಟರಲ್ಲಿ ಅದೇ ದಾರಿಯಲ್ಲಿ ಇನ್ನೊಂದು ಧೂಳು ಎದ್ದಿತು. ರೈಲು ಇಳಿದು ನಡೆದು ಬಂದ ಅಂದಾನಯ್ಯ ಮಾಸ್ತರ, ಅವರ ಹಿಂದೆ ತರ್ಕಶಾಸ್ತ್ರ ಹೇಳುವ ಒಬ್ಬ ಸಣಕಲು ಪ್ರಾಧ್ಯಾಪಕ, ಗುಂಡೂರಾವ್. ಫಕೀರವ್ವ ಕವಣೆಗೆ ಮತ್ತೊಂದು ಕಲ್ಲು ಇಟ್ಟಳು. “ಮಾಸ್ತರ, ಅಲ್ಲೇ ನಿಲ್ರಿ. ಹತ್ತಿ ತರ್ಸಿದ್ದು ನೀವ ಹೌದಲ್ಲೋ?” ಗಾಡಿಗಳನ್ನು ನೋಡಿದ ಮೇಲೆಯೇ ಮಾಸ್ತರರಿಗೆ ಸಂಗತಿ ತಿಳಿದದ್ದು. ಒಪ್ಪಿಗೆಯ ಕಾಗದ ತೋರಿಸಿದರೆ, “ಕಾಗದ ನಮ್ಮಪ್ಪಗೂ ತೋರಿಸಿದ್ರು. ಕಾಲೇಜ ಅಂದ್ರ ಏನು, ಇಲ್ಲೇ ಮಾಡಿ ತೋರಿಸ್ರಿ” ಎಂದಳು.

ಗುಂಡೂರಾವ್ ಟೊಪ್ಪಿಗೆ ತೆಗೆದು, ಬದುವಿನ ಮೇಲೆ ನಿಂತು, ಜೋಳದ ರೊಟ್ಟಿ ಮುರಿಯುತ್ತಿದ್ದ ಗಾಡಿಯವರಿಗೇ ಪಾಠ ಶುರುಮಾಡಿದರು. ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು ಹೇಗೆ ಎಂಬುದು ಪಾಠ. “ದೂರದ ದಾರಿಯಲ್ಲಿ ಧೂಳು ಎದ್ದರೆ ಏನು ತಿಳಿಯುತ್ತೀರಿ?” ಎಂದರು. “ಗಾಡಿ ಬಂತು ಅಂತ” ಎಂದ ಹೊಳಿಯಪ್ಪ. “ಗಾಡಿ ಬಂತು, ಸರಿ. ಕಳಿಸಿದವರು ಯಾರು ಎಂಬುದು ಧೂಳಿನಲ್ಲಿ ಕಾಣುತ್ತದೆಯೇ?” ಗಾಡಿಯವರೆಲ್ಲ ತಲೆಯೆತ್ತಿ ಮಂಚಿಕೆಯತ್ತ ನೋಡಿದರು. ಫಕೀರವ್ವ ಕವಣೆಯ ಕಲ್ಲನ್ನು ತೆಗೆದು ಮಗ್ಗುಲ ಕಲ್ಲುಗಳಿಗೆ ಸೇರಿಸಿದಳು.

“ಮಾಸ್ತರ, ಇವತ್ತ ನೀವಲ್ಲ ಅನ್ನೂದು ಗೊತ್ತಾತು” ಎಂದಳು.

“ಹಂಗಾದ್ರ ಮಂಚಿಕಿ ಕೀಳವ್ವ, ತಾಯಿ.”

“ಇವತ್ತ ಅಂತ ಅಂದೆ, ಮಾಸ್ತರ. ರಾಶಿ ಆಗ್ಲಿ, ಕೀಳ್ತೀನಿ.”

ಆ ರಾಶಿ ಯಾವಾಗ ಎಂಬುದನ್ನು ಅವಳು ಬದುಕಿರುವವರೆಗೂ ಹೇಳಲಿಲ್ಲ. ಕಲಿತವರು ವರ್ಷಾ ವರ್ಷಾ ಹೊರಬಿದ್ದರು, ಅವಳು ಮೇಲಿನಿಂದ ಒಬ್ಬೊಬ್ಬರನ್ನೂ ತೆನೆ ನೋಡುವಂತೆ ನೋಡಿ “ಇನ್ನೂ ಹಾಲಗಾಳು, ಬಲ್ತಿಲ್ಲ” ಎಂದು ತಲೆಯಾಡಿಸುತ್ತಿದ್ದಳು ಎನ್ನುತ್ತಾರೆ. ಅವಳ ನಂತರ ಗೂಟ ಕೀಳುವ ಹಕ್ಕು ಯಾರಿಗೂ ಇಲ್ಲದ್ದರಿಂದ ಮಂಚಿಕೆ ಹಾಗೇ ಉಳಿಯಿತು.

ಇಂದಿಗೂ ಹೋದವರು ನೋಡಬಹುದು. ಗೋದಾಮಿನಂಥ ಆ ಕಟ್ಟಡದಲ್ಲೇ ಇತಿಹಾಸ, ಕನ್ನಡ, ತರ್ಕಶಾಸ್ತ್ರದ ತರಗತಿಗಳು ನಡೆಯುತ್ತವೆ. ಬೆಳಕಿಂಡಿಯ ಬಿಸಿಲು ಹಲಗೆಯ ಮೇಲೆ ತುಂಡು ತುಂಡಾಗಿ ಬೀಳುತ್ತದೆ. ಮಂಚಿಕೆಯ ಗೂಟ ಹುಳ ತಿಂದರೆ ವಿದ್ಯಾರ್ಥಿಗಳು ಹೊಸದು ನೆಡುತ್ತಾರೆ. ಬದುವಿದ್ದ ಜಾಗದಲ್ಲಿ ಈಗ ಗೇಟು ಇದೆ. ಪ್ರಿನ್ಸಿಪಾಲರ ಕಾರೂ ಅಲ್ಲೇ ಹೊರಗೆ ನಿಲ್ಲಬೇಕು. ಈಚೆಗೆ ಕಮಿಟಿಗೆ ಬಂದ ಹೊಸ ಯಜಮಾನರೊಬ್ಬರು, ರಸ್ತೆಯ ಕಡೆಗೆ ನಾಲ್ಕು ಮಳಿಗೆ ಕಟ್ಟಿಸಿದರೆ ಕಾಲೇಜಿಗೇ ಅನುಕೂಲ ಎಂದು ಹೇಳಲು ಬಂದಿದ್ದರು. ಕಾರಿನಿಂದ ಇಳಿದು ಗೇಟು ದಾಟುವಾಗ ಅಭ್ಯಾಸವಿಲ್ಲದವರಂತೆ ತಲೆಯೆತ್ತಿ ನೋಡಿದರು. ಮೇಲೆ ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಪುಸ್ತಕ ಓದುತ್ತ ಕೂತಿದ್ದಳು. ಅವಳ ಮಗ್ಗುಲಲ್ಲಿ ಕಲ್ಲುಗಳ ರಾಶಿ ಇತ್ತು. ಅದು ತಗ್ಗದಂತೆ ಇಲ್ಲಿಯ ಮಕ್ಕಳು ಇಂದಿಗೂ ನೋಡಿಕೊಳ್ಳುತ್ತಾರೆ.

“ನಮಸ್ಕಾರ್ರಿ, ಸರ್” ಎಂದಳು ಹುಡುಗಿ. “ಏನ ಕೆಲಸಿತ್ತು?”