ಸೋಫಾದ ಹೊಟ್ಟೆಯಲ್ಲಿ ಇಲಿ

ವಿಶಾಲಮ್ಮನ ಮನೆಯ ಬೆಕ್ಕಿಗೆ ಒಂದು ವಿಷಯ ಎಂದೂ ಅರ್ಥವಾಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ಉಗುರು ಚಾಚಿ ಇಲಿ ಹಿಡಿದರೆ ಹಾಲು ಸಿಗುತ್ತಿತ್ತು. ಅದೇ ಉಗುರನ್ನು ನಡುಮನೆಯ ಹೊಸ ಸೋಫಾಕ್ಕೆ ಉಜ್ಜಿದರೆ ಪೊರಕೆಯೇಟು ಬೀಳುತ್ತಿತ್ತು.

“ಅಮ್ಮಾ, ಇದರ ಉಗುರುಗಳನ್ನು ಬುಡಸಮೇತ ತೆಗೆಸಿಬಿಡಿ,” ಎಂದಿತು ಸೋಫಾ.

ಬಾಗಿಲಲ್ಲಿದ್ದ ತೆಂಗಿನ ನಾರಿನ ಕಾಲೊರೆಸು ತಡೆಯಿತು. “ಅದೆಲ್ಲ ಬೇಡಮ್ಮ. ನನ್ನನ್ನು ಸೋಫಾದ ಪಕ್ಕ ಹಾಕಿ. ಬೆಕ್ಕು ಮೈಮುರಿದು ಎದ್ದಾಗಲೆಲ್ಲ ಎತ್ತಿ ತಂದು ನನ್ನ ಮೇಲೆ ಬಿಡಿ. ನನ್ನನ್ನೇ ಕೆರೆಯಲಿ. ಹದಿನೈದು ದಿನದಲ್ಲಿ ಕಲಿಯುತ್ತದೆ.”

“ಕಾಲೊರೆಸು ನನ್ನ ಪಕ್ಕದಲ್ಲೇ? ಮನೆಗೆ ಬಂದವರು ಏನೆಂದುಕೊಂಡಾರು?” ಎಂದು ಸೋಫಾ ಸಿಡುಕಿತು.

ವಿಶಾಲಮ್ಮನಿಗೂ ಸೋಫಾದ ಮಾತೇ ಸರಿ ಎನಿಸಿತು. ಬೆಕ್ಕು ಬುಟ್ಟಿಯಲ್ಲಿ ಕೂತು ಆಸ್ಪತ್ರೆಗೆ ಹೋಗಿ, ಪಂಜಗಳಿಗೆ ಬಟ್ಟೆ ಸುತ್ತಿಸಿಕೊಂಡು ಬಂತು.

ಎರಡು ತಿಂಗಳಲ್ಲಿ ಇಲಿಯೊಂದು ಸೋಫಾದ ತಳ ಕೊರೆದು ಒಳಗೆ ಮರಿ ಹಾಕಿತು.

“ಬೆಕ್ಕೇ, ಬೇಗ ಬಾ! ನನ್ನ ಹೊಟ್ಟೆ ಬಗೆಯುತ್ತಿದೆ!” ಎಂದು ಸೋಫಾ ಅರಚಿತು.

ಬೆಕ್ಕು ಓಡಿ ಬಂದು, ತೂತಿನಿಂದ ಹೊರಬಂದ ಇಲಿಯ ಬೆನ್ನಿಗೆ ಎರಡು ಬಾರಿಸಿತು. ಇಲಿ ಹಾಯಾಗಿ ಕಣ್ಣು ಮುಚ್ಚಿ, “ಇನ್ನೊಂಚೂರು ಮೇಲೆ ತಟ್ಟು,” ಎಂದಿತು.

ವಿಶಾಲಮ್ಮ ಸೋಫಾ ಮಗುಚಿ ನೋಡಿದಳು. ಬೆಕ್ಕನ್ನು ದುರುಗುಟ್ಟಿದಳು. ಆಮೇಲೆ ಪಕ್ಕದ ಮನೆಯ ಕಡೆ ತಿರುಗಿ ಕೂಗಿದಳು: “ರೀ ಸುಗುಣಾ, ನಿಮ್ಮ ಬೆಕ್ಕು ಮರಿ ಹಾಕಿದೆಯಂತಲ್ಲ, ನಮಗೊಂದು ಕೊಡಿ. ಉಗುರು ಚೂಪಾಗಿರೋದನ್ನೇ ನೋಡಿ ಕೊಡಿ.”

ಬೆಕ್ಕು ತನ್ನ ಪಂಜವನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಿತು. “ಹಾಗಾದರೆ ನನ್ನದನ್ನು ತೆಗೆಸಿದ್ದು ಯಾಕೆ?” ಎಂದು ಕಾಲೊರೆಸನ್ನು ಕೇಳಿತು.

“ನನ್ನನ್ನು ಸೋಫಾದ ಪಕ್ಕ ಹಾಕಬಾರದೆಂದು,” ಎಂದಿತು ಕಾಲೊರೆಸು. ಅದು ಇನ್ನೂ ಬಾಗಿಲಲ್ಲೇ ಇತ್ತು.